ಮುಖ ಮರದ ಕಡೆಗೆ

ಅದು ಮಳೆಯಲ್ಲ, ಮೇಲೆ ಯಾರೋ ಹಟ ಹಿಡಿದು ಕೂತು ಕೊಡಗಟ್ಟಲೆ ಸುರಿದ ಹಾಗಿತ್ತು. ಸಂಜೆಯ ಹೊತ್ತಿಗೇ ಕರೆಂಟು ಹೋಯಿತು. ಸ್ಟುಡಿಯೋ ಮುಂದಿನ ರಸ್ತೆ ಕಾಲುವೆಯಾಗಿ, ಯಾರದ್ದೋ ಒಂಟಿ ಚಪ್ಪಲಿ ಅದರಲ್ಲಿ ದೋಣಿ ಥರ ತೇಲಿಕೊಂಡು ಹೋಯಿತು. ಷಟರ್ ಅರ್ಧ ಇಳಿಸಿ ನಾವು ಒಳಗೇ ಉಳಿದೆವು. ಸ್ಟುಡಿಯೋ ಮಾಲೀಕ, ಪಕ್ಕದಂಗಡಿಯ ಟೈಲರಕ್ಕ, ಪಾಸ್‌ಪೋರ್ಟ್ ಫೋಟೋಗೆ ಅಂತ ಬಂದು ಸಿಕ್ಕಿಹಾಕಿಕೊಂಡ ಒಬ್ಬಳು ನರ್ಸು, ಮತ್ತೆ ನಾನು. ನಾನು ಇಲ್ಲಿ ಫೋಟೋ ತಿದ್ದುವವನು, ಪ್ರಿಂಟ್ ಹಾಕುವವನು. ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು. ಕಂಪ್ಯೂಟರ್ ಕಲಿಸಿದ್ದು ಮಾಲೀಕ, ಸಿಟ್ಟು ಮಾತ್ರ ನನ್ನದೇ ಸ್ವಂತ ಸಂಪಾದನೆ.

ಅವತ್ತು ಆ ಸಿಟ್ಟು ನೆತ್ತಿಗೇರಿತ್ತು. ಮಧ್ಯಾಹ್ನ ಒಬ್ಬ ಬಂದಿದ್ದ. ಅಪ್ಪ ತೀರಿಕೊಂಡಿದ್ದಾರೆ, ಗೋಡೆಗೆ ಹಾಕಲು ದೊಡ್ಡ ಫೋಟೋ ಬೇಕು. ಕೈಯಲ್ಲಿ ತಂದಿದ್ದೇನು? ಯಾರದೋ ಮದುವೆಯ ಗುಂಪಿನ ಫೋಟೋ, ಅದರಲ್ಲಿ ಯಾರದೋ ಭುಜದ ಹಿಂದೆ ಅಪ್ಪನ ಹಣೆ, ಒಂದು ಕಣ್ಣು. "ಉಳಿದದ್ದನ್ನು ನೀವೇ ಮಾಡಿಕೊಡಿ" ಅಂದ. ಉಳಿದದ್ದು ಅಂದರೆ ಮೂಗು, ಬಾಯಿ, ಗಲ್ಲ! ನಾನೇನು ಬ್ರಹ್ಮನಾ? "ಜೇಬಲ್ಲಿ ಫೋನು ಇಟ್ಕೊಂಡು ತಿರುಗ್ತೀರಿ, ತಿನ್ನೋ ತಟ್ಟೆ ಫೋಟೋ ತೆಗೀತೀರಿ, ಬದುಕಿದ್ದಾಗ ಹೆತ್ತ ಅಪ್ಪನ ಮುಖ ಒಂದ್ಸಲ ತೆಗೆಯೋಕೆ ನಿಮಗೇನು ದಾಡಿ ಬಂದಿತ್ತು?" ಅಂದುಬಿಟ್ಟೆ. ಆತ ಫೋಟೋ ಮಡಚಿ ಹೊರಟುಹೋದ. ಮಾಲೀಕ ಆಗಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದ. ಈಗ ಕತ್ತಲಲ್ಲಿ ಮೊಂಬತ್ತಿ ಹಚ್ಚಿದವನು ಮತ್ತೆ ಶುರುಮಾಡಿದ, "ಬಂದ ಗಿರಾಕಿನ ಅಟ್ಟಿಬಿಟ್ಟೆಯಲ್ಲೋ, ದೂರ್ವಾಸ."

ಆಗ ಒಳಕೋಣೆಯಿಂದ ದೊಡ್ಡಮ್ಮ ಗೋಡೆ ಹಿಡಿದುಕೊಂಡು ಬಂದಳು. ಮಾಲೀಕನ ತಾಯಿಯ ಅಕ್ಕ. ಅವನಿಗೆ ದೊಡ್ಡಮ್ಮ, ಹಾಗಾಗಿ ಬೀದಿಗೆಲ್ಲ ದೊಡ್ಡಮ್ಮ. ಹಳೆಯ ಕಾಲದಲ್ಲಿ ಇಲ್ಲಿಯ ಕತ್ತಲೆಕೋಣೆಯಲ್ಲಿ ಫೋಟೋದ ಗಾಜಿನ ಪ್ಲೇಟು ತೊಳೆದವಳು. ಉಗುರುಗಳು ಔಷಧಿಗೆ ಕಂದಿ ಹೋಗಿ ಇವತ್ತಿಗೂ ಕಂದುಬಣ್ಣವೇ. ಕುರ್ಚಿ ಎಳೆದುಕೊಂಡು ಕೂತು ನನ್ನ ಕಡೆ ಮುಖ ಮಾಡಿದಳು.

"ಆ ಮನುಷ್ಯನ್ನ ಯಾಕೋ ಅಷ್ಟು ಬೈದೆ? ದೀಪದ ಕೆಳಗೇ ಕತ್ತಲೆ ಅಂತಾರೆ, ಅದನ್ನ ಈ ಮನೇಲೇ ನೋಡಿದೀನಿ ನಾನು. ಮಳೆ ನಿಲ್ಲೋ ಹಾಗಿಲ್ಲ... ಕೇಳ್ತೀರಾದ್ರೆ ಹೇಳ್ತೀನಿ. ಹೆದರೋರಿದ್ರೆ ಈಗಲೇ ಎದ್ದು ಹೋಗಿ."

"ಎಲ್ಲಿಗೆ ಹೋಗೋದು ದೊಡ್ಡಮ್ಮ, ಈಜಿಕೊಂಡಾ?" ಅಂದಳು ಟೈಲರಕ್ಕ.

"ಹಾಗಾದ್ರೆ ಬಾಯಿ ಹೊಲ್ಕೊಂಡು ಕೂತ್ಕೋ. ದಾರ ನಿನ್ನ ಹತ್ತಿರಾನೇ ಇರುತ್ತಲ್ಲ.

ನನಗೊಬ್ಬ ತಮ್ಮ ಇದ್ದ. ಈ ನಿಮ್ಮ ಮಾಲೀಕನಿಗೆ ಸೋದರಮಾವ, ಆಗ ಇವನಿನ್ನೂ ತೊಟ್ಟಿಲಲ್ಲಿದ್ದ. ಈ ಸ್ಟುಡಿಯೋ ಕಟ್ಟಿದ್ದೇ ಅವನು. ಊರಿನ ಮುಖ ಪೂರಾ ಅವನ ಕ್ಯಾಮೆರಾದೊಳಗೆ ಹೊಕ್ಕು ಹೊರಗೆ ಬಂದಿದ್ದು ಅನ್ನಿ... ಹುಟ್ಟಿದ ಕೂಸು, ಕೆಲಸಕ್ಕೆ ಅರ್ಜಿ ಹಾಕೋ ಹುಡುಗ, ಹಲ್ಲು ಕಟ್ಟಿಸ್ಕೊಂಡ ಖುಷೀಲಿ ಓಡಿ ಬಂದ ಮುದುಕ. ಒಬ್ಬೊಬ್ಬರದ್ದೂ ಒಂದೊಂದು ತಕರಾರು, ನನ್ನ ಮೂಗು ಹೀಗಿಲ್ಲ, ನನ್ನ ಗಲ್ಲ ಹೀಗಿಲ್ಲ, ನಾನು ಇಷ್ಟು ಕಪ್ಪಿಲ್ಲ ಅಂತ. ಕೇಳಿ ಕೇಳಿ ಅವನಿಗೆ ಮುಖ ಅಂದ್ರೇನೇ ವಾಕರಿಕೆ ಬಂದುಬಿಟ್ಟಿತ್ತು ಕಣ್ರೋ. ಅವನ ಪ್ರಾಣ ಇದ್ದಿದ್ದು ಹಳೇ ಮರದಲ್ಲಿ. ಎಲ್ಲೋ ಒಂದು ಮುದಿ ಮರ ಇದೆ, ಗಾಳಿಗೆ ಬಿಸಿಲಿಗೆ ಸೊಟ್ಟಗಾಗಿ ನಿಂತಿದೆ ಅಂತ ಯಾರಾದ್ರೂ ಹೇಳಿದ್ರೆ ಸಾಕು, ಅಂಗಡಿ ನನ್ನ ತಲೆಗೆ ಕಟ್ಟಿ ಹೊರಟ. 'ಅಕ್ಕಾ, ಮರ ಯಾವತ್ತಾದ್ರೂ ನಾನು ಚೆನ್ನಾಗಿ ಬಂದಿಲ್ಲ ಅಂತ ಜಗಳ ಆಡಿದೆಯಾ?' ಅನ್ನೋನು.

ಒಬ್ಬನೇ ಹೋಗ್ತಿರಲಿಲ್ಲ, ಹೆಂಡತೀನೂ ಹೋಗೋಳು. ಯಾಕೆ ಅಂದ್ರೆ, ನೀವೇ ಹೇಳಿ, ಬರೀ ಮರದ ಫೋಟೋ ತೆಗೆದ್ರೆ ಅದು ಎಷ್ಟು ದೊಡ್ಡದು ಅಂತ ಹೇಗೆ ಗೊತ್ತಾಗ್ಬೇಕು? ಬುಡದಲ್ಲೊಬ್ಬ ಮನುಷ್ಯ ಬೇಕು, ಅಳತೆಗೆ. ಅವನ ಅಳತೆ ಅವಳು. 'ಇದು ಆರು ನೀನು, ಅದು ಒಂಬತ್ತು ನೀನು' ಅಂತ ಲೆಕ್ಕ ಹೇಳೋನು. ಅವಳು ನಗೋಳು, 'ಮನೇಲಿ ಒಂದು ನಾನು ಇದೀನಿ, ಅದನ್ನೂ ಒಂದ್ಸಲ ನೋಡ್ರೀ' ಅಂತ. ಮರಕ್ಕೆಲ್ಲ ಹೆಸರಿಡೋಳು ಕಣಮ್ಮ... ಸಮುದ್ರದ ಬಂಡೆ ಮೇಲೆ ಗಾಳಿ ಹೊಡೆದು ಒಂದೇ ಕಡೆ ಬಾಗಿದ ಮರಕ್ಕೆ ಗೂನಜ್ಜ, ಹಿಮದ ಬೆಟ್ಟದಲ್ಲಿ ಸಿಡಿಲು ಬಡಿದು ಎರಡಾಗಿ ಸೀಳಿದ್ದಕ್ಕೆ ಜಗಳಗಂಟಿ, ಉಪ್ಪುನೆಲದಲ್ಲಿ ಸತ್ತು ಎಷ್ಟೋ ಕಾಲವಾದ್ರೂ ಬೀಳದೆ ನಿಂತಿದ್ದಕ್ಕೆ... ಅದಕ್ಕೆ ನನ್ನ ಹೆಸರಿಟ್ಟಿದ್ಲು, ಕತ್ತೆ.

ಆದ್ರೆ ಅವನದ್ದೊಂದು ಕಟ್ಟುನಿಟ್ಟು ಇತ್ತು. ಅಳತೆಗೆ ನಿಂತೋರ ಮುಖ ಕಾಣಬಾರದು. ಮುಖ ಕಂಡ್ರೆ ನೋಡೋರ ಕಣ್ಣು ಹೋಗಿ ಅಲ್ಲೇ ಅಂಟ್ಕೊಳ್ಳುತ್ತೆ, ಮರ ಹಾಳಾಗುತ್ತೆ ಅಂತ. ಕ್ಯಾಮೆರಾಗೆ ಹೊದಿಸಿದ ಕರಿಬಟ್ಟೆ ಒಳಗಿಂದ ಕೂಗೋನು, 'ಮುಖ ಮರದ ಕಡೆಗೆ!' ಅವಳು ತಿರುಗಿ ನಿಲ್ಲೋಳು. ಆಗಿನ ಗಾಜಿನ ಪ್ಲೇಟು ನಿಧಾನ, ಲೆನ್ಸಿನ ಮುಚ್ಚಳ ತೆಗೆದು ಬಾಯಲ್ಲಿ ಎಣಿಸಿ ಮತ್ತೆ ಮುಚ್ಚಬೇಕು, ಅಷ್ಟು ಹೊತ್ತೂ ಎಲೆ ಅಲ್ಲಾಡಬಾರದು, ಮನುಷ್ಯರೂ ಅಲ್ಲಾಡಬಾರದು. ಗಾಳಿ ನಿಲ್ಲೋದನ್ನ ಕಾಯೋದೇ ದೊಡ್ಡ ಕೆಲಸ. ಅವನು ಬಟ್ಟೆಯೊಳಗೆ ಬೆಚ್ಚಗೆ, ಅವಳು ಬಯಲಲ್ಲಿ.

ಹೀಗೇ ಗೂನಜ್ಜನ ಹತ್ತಿರ ಎರಡನೇ ಸಲ ಹೋದಾಗ ಅವಳಿಗೆ ಜ್ವರ ಇತ್ತು. 'ಇವತ್ತು ಬೇಡ್ರೀ' ಅಂದಳಂತೆ. 'ಒಂದೇ ಒಂದು ಪ್ಲೇಟು, ಮೋಡ ಚೆನ್ನಾಗಿದೆ' ಅಂದನಂತೆ ಇವನು. ಸಮುದ್ರದ ಗಾಳಿ ಯಾರ ಮಾತು ಕೇಳುತ್ತೆ? ಬೀಸ್ತಾನೇ ಇತ್ತು. ಇವಳು ನಿಂತೇ ಇದ್ಲು. ಊರಿಗೆ ಬರೋಷ್ಟರಲ್ಲಿ ಎದೆ ಕಟ್ಟಿತ್ತು, ಉಸಿರು ಗೊರಗೊರ. ಡಾಕ್ಟರು ನ್ಯುಮೋನಿಯಾ ಅಂದ್ರು... ಹೋಗಿಬಿಟ್ಲು. ಬಂಗಾರದಂಥ ಹುಡುಗಿ.

ಗೋಡೆಗೆ ಹಾಕೋಕೆ ಒಂದು ಫೋಟೋ ಕೊಡೋ ಅಂದೆ ನಾನು. ಕಪಾಟು ತೆಗೆದ. ಪ್ಲೇಟು ನೋಡಿದ, ಇನ್ನೊಂದು ನೋಡಿದ, ಮತ್ತೊಂದು... ಸಾಲುಸಾಲು ಪ್ಲೇಟು, ಎಲ್ಲದರಲ್ಲೂ ಅವಳಿದಾಳೆ, ಎಲ್ಲದರಲ್ಲೂ ಬೆನ್ನು. ಜಡೆ, ಬೆನ್ನು, ಹಿಮ್ಮಡಿ. ಮದುವೆ ದಿನದ ಒಂದು ಪ್ಲೇಟಿತ್ತು, ಅದರಲ್ಲಿ ಅವಳು ಏನಕ್ಕೋ ನಕ್ಕುಬಿಟ್ಟಿದ್ಲು, ತಲೆ ಅಲ್ಲಾಡಿ ಮುಖ ಇರೋ ಜಾಗ ಮಂಜು. ಊರಿನವರದ್ದೆಲ್ಲ ಮುಖ ಇದೆ ನನ್ನಪ್ಪಾ, ಹಾಲಿನವನದ್ದಿದೆ, ಅವನ ಎಮ್ಮೆದೂ ಇದೆ. ಕಟ್ಟಿಕೊಂಡವಳದ್ದಿಲ್ಲ!"

ನನಗೆ ತಡೆಯಲಾಗಲಿಲ್ಲ. "ಅವನಿಗೇನು ರೋಗ ದೊಡ್ಡಮ್ಮ? ಒಂದು ಪ್ಲೇಟು ಅವಳ ಮುಖಕ್ಕೆ ಖರ್ಚು ಮಾಡಿದ್ರೆ ಅವನ ಗಂಟೇನು ಹೋಗ್ತಿತ್ತು?"

"ಬೈಯೋ, ಬೈಯಿ. ಅವನೂ ತನ್ನನ್ನ ಹಾಗೇ ಬೈಕೊಂಡ. ನೆಲಕ್ಕೆ ಕೂತು, ನೆನಪಿಂದ ಅವಳ ಮುಖ ಬರೆಯೋಕೆ ನೋಡ್ದ... ಮೂಗು ಬಂದ್ರೆ ಕಣ್ಣು ಬರಲ್ಲ, ಕಣ್ಣು ಬಂದ್ರೆ ಬಾಯಿ ಬರಲ್ಲ. ಮುಖ ಮರೆತುಹೋಗ್ತಿದೆ ಅಕ್ಕಾ ಅಂತ ಮಗುವಿನ ಹಾಗೆ ಅತ್ತ. ಆಮೇಲೊಂದು ದಿನ ಕ್ಯಾಮೆರಾ ಹೊತ್ತು ಹೊರಟ, ಒಬ್ಬನೇ. ಎಲ್ಲಿಗೋ ಅಂದ್ರೆ, 'ಅವಳು ನಿಂತ ಜಾಗ ನೋಡಿ ಬರ್ತೀನಿ' ಅಂದ.

ಹಿಮದ ಬೆಟ್ಟಕ್ಕೆ ಹೋಗಿ ಜಗಳಗಂಟಿಯ ಒಂದು ಪ್ಲೇಟು ತಂದ. ತೊಳೆಯೋಳು ನಾನು. ಕೆಂಪು ದೀಪದಲ್ಲಿ ಔಷಧಿ ತಟ್ಟೆ ಅಲ್ಲಾಡಿಸ್ತಿದೀನಿ, ಮೊದಲು ಹಿಮ ಬಂತು, ಪ್ಲೇಟಲ್ಲಿ ಎಲ್ಲ ತಿರುಗಾಮುರುಗಾ ಅಲ್ವಾ, ಹಿಮ ಕಪ್ಪಗೆ ಬಂತು, ಆಮೇಲೆ ಕಾಂಡ ಬಂತು, ಆಮೇಲೆ ಬುಡದಲ್ಲಿ... ಬೆಳ್ಳಗೆ ಒಂದು ಗೆರೆ ಇಳೀತು. ಜಡೆ. ಕರಿ ಜಡೆ ಪ್ಲೇಟಲ್ಲಿ ಬೆಳ್ಳಗೇ ಕಾಣೋದು. ಜಡೆಯ ಎರಡೂ ಕಡೆ ಭುಜ ಮೂಡ್ತು. ನನ್ನ ಕೈ ತಟ್ಟೇಲೇ ಉಳೀತು.

ಹಳೇ ಪ್ಲೇಟಿನ ಮೇಲೇ ಇನ್ನೊಂದ್ಸಲ ತೆಗೆದಿದಾನೆ ದಡ್ಡ ಅಂದ್ಕೊಂಡೆ. ಆದ್ರೆ ಆ ಮರದ ಎಡಗೊಂಬೆ ಅವಳು ತೀರಿಕೊಂಡ ಮೇಲಿನ ಚಳಿಗಾಲದಲ್ಲಿ ಮುರಿದು ಬಿದ್ದಿತ್ತು, ಅವನೇ ಹೇಳಿದ್ದ. ಈ ಪ್ಲೇಟಲ್ಲಿ ಕೊಂಬೆ ಇಲ್ಲ. ಅವಳಿದಾಳೆ.

ಬಾಗಿಲ ಹೊರಗಿಂದ ಅವನು ಕೇಳ್ದ, 'ಬಂದಿದಾಳಾ?'

ಏನಂತ ಹೇಳಲಿ? ಬಂದಿದಾಳೆ ಅಂದೆ. 'ಮುಖ?' ಅಂದ. ಬೆನ್ನು ಅಂದೆ.

ಅಲ್ಲಿಂದ ಅವನು ಮನೆಯವನಾಗಿ ಉಳೀಲಿಲ್ಲ. ಉಪ್ಪುನೆಲಕ್ಕೆ ಹೋದ, ಹೊಳೆ ಕೊರೆದು ಬೇರೆಲ್ಲ ಗಾಳಿಗೆ ನೇತಾಡ್ತಿದ್ದ ಮರದ ಹತ್ತಿರ ಹೋದ, ಹಾಳುಬಿದ್ದ ಕಲ್ಲುಕ್ವಾರಿಯೊಳಗೆ ಒಂದೇ ಒಂದಿತ್ತು, ಅಲ್ಲಿಗೂ ಹೋದ. ಅವಳು ನಿಂತಿದ್ದ ಕಡೆಯೆಲ್ಲ ಹೋಗಿ, ಖಾಲಿ ಬಯಲಿಗೆ ಕ್ಯಾಮೆರಾ ಇಟ್ಟು, ತಿರುಗು ಮಾರಾಯ್ತಿ, ಒಂದ್ಸಲ ಈ ಕಡೆ ನೋಡು, ಮರ ಹಾಳಾಗಿ ಹೋಗಲಿ, ತಿರುಗು ಅಂತ ಗಂಟಲು ಹರಿಯೋ ಹಾಗೆ ಕೂಗಿ ಬರೋನು. ನಾನು ತೊಳೆಯೋಳು. ಪ್ರತಿಯೊಂದರಲ್ಲೂ ಬಂದಳು. ಪ್ರತಿಯೊಂದರಲ್ಲೂ ಮುಖ ಮರದ ಕಡೆಗೆ. ಬದುಕಿದ್ದಾಗ ಹೇಳಿದ್ದನ್ನ ಸತ್ತ ಮೇಲೂ ಮೀರಲಿಲ್ಲ, ಅಂಥ ಹುಡುಗಿ ಅದು.

ಗಡ್ಡ ಬಂತು, ಬಟ್ಟೆ ಜೋಲಾಡ್ತು. ನಾನು ಬೈದೆ. 'ಲೋ, ನಿಲ್ಲಿಸಿದೋನು ನೀನೇ, ಈಗ ತಿರುಗು ಅಂದ್ರೆ ಹೇಗೋ ತಿರುಗ್ತಾಳೆ? ಬಿಟ್ಟುಬಿಡು, ಮನೇಲಿರು, ನನಗಾದ್ರೂ ಉಳಿ.' ಅವನು ಹೇಳ್ದ, 'ಅಕ್ಕಾ, ಕ್ಯಾಮೆರಾ ಹಿಂದೆ ನಿಂತವನಿಗೆ ಅವಳು ಮುಖ ತೋರಿಸಲ್ಲ. ಅವಳ ಪಕ್ಕಕ್ಕೆ ಹೋಗಿ ನಿಲ್ತೀನಿ. ಅವಳು ನಿಂತ ಹಾಗೇ ನಿಲ್ತೀನಿ, ಅವಳ ಗಾಳೀಲಿ. ಅವಳಾಗೇ ಕರೆಯೋತನಕ ತಿರುಗಲ್ಲ.'

ಹೋದ. ಗೂನಜ್ಜನ ಹತ್ತಿರಕ್ಕೇ.

ಆಮೇಲೆ ಬಂದದ್ದು ಅವನಲ್ಲ. ಅಲ್ಲಿಯ ದೀಪಸ್ತಂಭ ಕಾಯೋನು ಬಂದ, ಕ್ಯಾಮೆರಾನ ಕರಿಬಟ್ಟೇಲಿ ಮಗು ಸುತ್ತಿದ ಹಾಗೆ ಸುತ್ತಿ ತಂದ. ಬಂಡೆ ಮೇಲೆ ಇದೊಂದೇ ನಿಂತಿತ್ತು ತಾಯಿ, ಸುತ್ತ ಹುಡುಕಿದ್ವಿ, ಕೆಳಗೆ ನೀರಲ್ಲೂ ಹುಡುಕಿದ್ವಿ ಅಂದ. ನಾನು ಬಟ್ಟೆ ಬಿಚ್ಚಿ ನೋಡಿದೆ. ಲೆನ್ಸಿಗೆ ಮುಚ್ಚಳ ಹಾಕಿತ್ತು. 'ನೀನು ಹಾಕಿದ್ಯೇನಪ್ಪ?' ಅಂದೆ. 'ನಾನು ಮುಟ್ಟಿಲ್ಲ, ಹೀಗೇ ಇತ್ತು' ಅಂದ. ಅಲ್ಲ, ತೆಗೆಯೋನು ಮರದ ಬುಡಕ್ಕೆ ಹೋಗಿ ನಿಂತಿದಾನೆ... ಎಣಿಸಿ ಮುಚ್ಚಿದ್ಯಾರು? ಯೋಚನೆ ಮಾಡಿ ನೀವೇ.

ಪ್ಲೇಟು ತೊಳೆದೆ. ಬಾಗಿದ ಕಾಂಡ ಬಂತು, ಅದರ ಹತ್ತಿರ ಇವನು ಬಂದ, ಬೆನ್ನು. ಎರಡು ಕೈ ಇಳಿಬಿಟ್ಟು, ಶಾಲೇಲಿ ಶಿಕ್ಷೆಗೆ ನಿಂತ ಹುಡುಗನ ಹಾಗೆ, ಮುಖ ಮರದ ಕಡೆಗೆ. ಅವನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗೋ ಹಾಗೆ... ಅವಳು. ಈ ಕಡೆ ತಿರುಗಿ. ನೇರವಾಗಿ ನನ್ನನ್ನೇ ನೋಡ್ತಾ. ಗಾಳಿಗೆ ಒಂದೆಳೆ ಕೂದಲು ತುಟಿ ಮೇಲೆ ಬಿದ್ದಿತ್ತು, ಅದನ್ನ ತೆಗೆದು ಏನೋ ಹೇಳಬೇಕು ಅನ್ನೋ ಹಾಗಿತ್ತು. ಒಂದು ರೆಪ್ಪೆಯೂ ಅಲ್ಲಾಡಿಲ್ಲ, ಅಷ್ಟು ಸ್ಪಷ್ಟ. ಹಣೆ ಮೇಲಿನ ಸಣ್ಣ ಗಾಯದ ಗುರುತೂ ಇತ್ತು ಕಣ್ರೋ, ನಾವೆಲ್ಲ ಮರೆತಿದ್ವಿ.

ಯಾವ ಮುಖಕ್ಕೋಸ್ಕರ ಅವನು ಊರೂರು ಅಲೆದನೋ ಆ ಮುಖ ಬಂತು. ನೋಡಬೇಕಾದೋನು ಅದೇ ಫೋಟೋದೊಳಗೆ ಬೆನ್ನು ಹಾಕಿ ನಿಂತಿದಾನೆ. ನಾನು ಕತ್ತಲೆಕೋಣೇಲಿ ಕೂತು ಅವನನ್ನ ಕೂಗಿದೆ, ತಿರುಗೋ, ತಿರುಗೋ ಪಾಪಿ, ಪಕ್ಕದಲ್ಲೇ ಇದಾಳೆ ಅಂತ. ಕೇಳಿಸ್ತಾ?"

ನರ್ಸು ಮೂಗು ಒರೆಸಿಕೊಂಡಳು. ಟೈಲರಕ್ಕ ನಿಜವಾಗಿಯೂ ಬಾಯಿ ಹೊಲಿದವಳ ಹಾಗೆ ಕೂತಿದ್ದಳು. ನಾನು ಮೊಂಬತ್ತಿಯನ್ನು ದೊಡ್ಡಮ್ಮನ ಹತ್ತಿರಕ್ಕೆ ಸರಿಸಿದೆ. ಅವಳು ದನಿ ತಗ್ಗಿಸಿದಳು.

"ಪ್ರಿಂಟ್ ಹಾಕಿ, ಕಟ್ಟು ಹಾಕಿಸಿ, ನನ್ನ ಮಂಚದ ತಲೆದೆಸೆಗೆ ತೂಗುಹಾಕಿದೆ. ದಿನಾ ಧೂಳು ಒರೆಸ್ತೀನಿ. ಎಷ್ಟೋ ವರ್ಷ ಆದಮೇಲೆ ಒಂದು ದಿನ ನೋಡಿದ್ರೆ ಅವನ ಕಿವಿ ಕಾಣ್ತಿದೆ. ಮೊದಲಿಂದಲೂ ಇತ್ತೇನೋ ಅಂದ್ಕೊಂಡೆ. ಆಮೇಲೆ ಕೆನ್ನೆಯ ಮೂಳೆ ಕಂಡ್ತು. ಆಮೇಲೆ ಮೂಗಿನ ತುದಿ. ಮರ ಬೆಳೆಯೋದು ಯಾರ ಕಣ್ಣಿಗಾದ್ರೂ ಕಾಣುತ್ತಾ? ಹಾಗೆ, ಅಷ್ಟು ಮೆಲ್ಲಗೆ ತಿರುಗ್ತಿದಾನೆ. ನನಗೆ ಸಂತೋಷವೇ ಆಯ್ತು... ಕೊನೆಗೂ ಕರೆದಳಲ್ಲ, ಇನ್ನೇನು ನೋಡ್ತಾನೆ ಅಂತ.

ಆಗ ಅವಳನ್ನ ನೋಡಿದೆ. ಅವಳ ಒಂದು ಕಿವಿ ಮರೆಯಾಗಿತ್ತು.

ಅವನು ಎಷ್ಟು ತಿರುಗ್ತಾನೋ ಅವಳೂ ಅಷ್ಟೇ ತಿರುಗ್ತಿದಾಳೆ, ಅವನಿಂದ ಆಚೆಗೆ. ಕೋಪವೋ, ಅಥವಾ ಅವನ ಕಣ್ಣು ತನ್ನ ಮೇಲೆ ಬಿದ್ದ ತಕ್ಷಣ ಮೈ ತಾನಾಗೇ ಮೊದಲಿನ ಅಭ್ಯಾಸಕ್ಕೆ ಹೊರಳುತ್ತೋ, ಅದನ್ನ ಯಾರು ಬಲ್ಲರು? ಅವನು ಪೂರ್ತಿ ತಿರುಗೋ ಹೊತ್ತಿಗೆ ಅವಳೂ ಪೂರ್ತಿ ತಿರುಗಿರ್ತಾಳೆ. ಅವನು ಜೀವಮಾನವೆಲ್ಲ ತೆಗೆದ ಜಡೆ, ಬೆನ್ನು, ಹಿಮ್ಮಡಿ... ಅದೇ ಅವನಿಗೆ ಕಾಣೋದು. ನಾನು ಸುಮ್ಮನೆ ನೋಡ್ತಾ ಇದ್ದೆ, ಇಬ್ಬರನ್ನೂ ಹಿಡಿದು ನಿಲ್ಲಿಸೋಕೆ ನನ್ನ ಕೈಲಿ ಏನಿದೆ?

ಈಗ ನೋಡೋದಕ್ಕೂ ಆಗ್ತಿಲ್ಲ, ಎರಡೂ ಕಣ್ಣಿಗೆ ಪೊರೆ ಬಂದಿದೆ. ಗಾಜು ಒರೆಸ್ತೀನಿ, ಒಳಗೆ ಯಾರು ಹೇಗಿದಾರೆ ತಿಳಿಯಲ್ಲ. ನಿಮ್ಮ ಮಾಲೀಕನನ್ನ ಕೇಳಿದ್ರೆ, ಸರಿಯಾಗೇ ಇದೆ ದೊಡ್ಡಮ್ಮ ಅಂತ ತಲೆ ತಗ್ಗಿಸಿ ಓಡಿಹೋಗ್ತಾನೆ, ಹೇಡಿ. ದೂರ್ವಾಸ, ನಿನಗೆ ದಾಕ್ಷಿಣ್ಯ ಇಲ್ಲ, ಇದ್ದಿದ್ದು ಇದ್ದ ಹಾಗೆ ಹೇಳೋ ಬಾಯಿ. ಆ ಮೊಂಬತ್ತಿ ತಗೊಂಡು ಒಳಗೆ ಹೋಗಪ್ಪ. ಅವಳದ್ದು ಒಂದು ಕಣ್ಣಾದ್ರೂ ಇನ್ನೂ ಕಾಣುತ್ತಾ ನೋಡು. ಕಂಡ್ರೆ ಅಲ್ಲಿಂದಲೇ ಕೂಗಿ ಹೇಳು, ನಾನು ಕೇಳಿಸ್ಕೊಳ್ತೀನಿ. ಕಾಣದಿದ್ರೆ... ಆಗಲೂ ಕೂಗು. ಆದ್ರೆ ನನ್ನನ್ನಲ್ಲ, ಅವನನ್ನ. ಅಲ್ಲೇ ನಿಲ್ಲಪ್ಪಾ, ಇನ್ನು ತಿರುಗಬೇಡ ಅಂತ ಹೇಳು. ನನ್ನ ಮಾತು ಅವನು ಯಾವತ್ತೂ ಕೇಳಿದೋನಲ್ಲ."