ಒದ್ದೆ ಬೇರು

ತಿರುವಿನಲ್ಲಿ ಬಸ್ಸು ವಾಲಿದಾಗ ಮುಂದಿನ ಸೀಟಿನ ಹೆಂಗಸು ಮಡಿಲಲ್ಲಿದ್ದ ಬಕೆಟ್ಟನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ಅದರೊಳಗೆ, ಒಂದಿಷ್ಟು ನೀರಿನಲ್ಲಿ, ಅಗಲ ಎಲೆಯ ಗಿಡವೊಂದು ನಿಂತಿತ್ತು. ಅವಳ ಪಕ್ಕ, ಕಿಟಕಿಯ ಕಡೆ ಕೂತವಳು ಅತ್ತ ನೋಡಲಿಲ್ಲ.

"ಅತ್ತಿಗೆ, ಇದು ನಿಮಗೆ. ಹೂ ಮುಗಿದ ಮೇಲೆ ಬುಡ ಸೀಳಿ ಎರಡು ಮಾಡಿದೆ."

"ಇದು ಬದುಕ್ತು ಹಾಗಾದ್ರೆ."

"ಕುಂಡದ ಕೆಳಗೆ ನೀರಿನ ತಟ್ಟೆ ಇಟ್ಟಿದೀನಿ. ಬೇರು ಒಣಗೋಕೆ ಬಿಡಲ್ಲ."

"ಮೊದಲನೇದಕ್ಕೂ ಹಾಗೇ ಮಾಡಬಹುದಿತ್ತು."

"ಕೊಳೆಯುತ್ತೆ ಅಂತ ಹೆದರಿ ನೀರು ಕಮ್ಮಿ ಮಾಡ್ದೆ. ಬೆಟ್ಟದ ತೊರೇಲಿ ಕಾಲಿಟ್ಕೊಂಡು ಬೆಳೆಯೋ ಗಿಡ ಅಂತ ಅಣ್ಣ ಹೇಳಿದ್ದ. ನಾನೇ ಕೇಳಲಿಲ್ಲ."

"ನೀನು ಒಣಗಿಸಿಬಿಟ್ಟು ಇನ್ನೊಂದು ತಂದ್ಕೊಡು ಅಂದೆ. ತಂಗಿ ಕೇಳಿದ್ರೆ ನಿಮ್ಮಣ್ಣ ಯಾವತ್ತು ಇಲ್ಲ ಅಂದಿದ್ರು? ನಾನು ಉಪ್ಪು ತನ್ನಿ ಅಂದ್ರೆ ಮರೆತು ಬರೋರು."

ಬಕೆಟ್ಟಿನವಳು ಹೊರಗೆ ಬಾಗಿದ ಎಲೆಯೊಂದನ್ನು ಒಳಗೆ ಸರಿಸಿದಳು.

"ತೊರೆ ಬಂಡೆ ಮೇಲಿಂದ ಅವನು ಜಾರಿ ಬಿದ್ದಾಗ ಬೆನ್ನ ಮೇಲಿದ್ದ ಚೀಲದಲ್ಲಿ ಸಿಕ್ಕಿದ್ದೇ ಈ ಗಿಡ, ಅತ್ತಿಗೆ. ಬನಿಯನ್ ಒದ್ದೆ ಮಾಡಿ ಬೇರಿಗೆ ಸುತ್ತಿದ್ದ."

"ಗೊತ್ತು. ಶವಾಗಾರದಲ್ಲಿ ಆ ಬನಿಯನ್ ಬಿಚ್ಚಿದ್ದು ನಾನು. ಅವರು ತಣ್ಣಗಾಗಿದ್ರು. ಗಿಡ ಹಸಿರಾಗೇ ಇತ್ತು."

"ಅವನು ಕೊನೆಗೆ ಮುಟ್ಟಿದ್ದು. ಅರ್ಧ ನಿಮ್ಮನೇಲೂ ಇರ್ಲಿ."

ಬಸ್ಸು ನಿಂತಿತು. ಅತ್ತಿಗೆ ಎದ್ದು, ಸೀರೆಯ ನೆರಿಗೆ ಎತ್ತಿ ಹಿಡಿದು, ಬಕೆಟ್ಟಿಗೆ ತಾಗದಂತೆ ದಾಟಿದಳು.

"ನಂಗೆ ಬೇಡ," ಎಂದು ಇಳಿದುಹೋದಳು.