ಪಾರ್ಕಿನ ಬಾವಿಗೆ ನೀರು ಬಂದ ಬಗೆ

ನಮ್ಮ ಬಡಾವಣೆಯ ಬಾವಿಗೆ ನೀರು ಬಂದಿದ್ದು ನನ್ನ ಇಂಗುಗುಂಡಿಗಳಿಂದ. ಬೋಗಾದಿಯಲ್ಲಿ ಯಾರನ್ನ ಬೇಕಾದರೂ ಕೇಳಿ ಬೀರೇಶಣ್ಣ, ಇದನ್ನೇ ಹೇಳ್ತಾರೆ. ಹಾಲಿನ ಬೂತಿನವರು ಹೇಳ್ತಾರೆ, ಬೆಳಿಗ್ಗೆ ಪಾರ್ಕಲ್ಲಿ ಕೈ ಬೀಸ್ಕೊಂಡು ನಡೆಯೋ ರಿಟೈರ್ಡ್ ಮೇಷ್ಟ್ರುಗಳು ಹೇಳ್ತಾರೆ. ಅದಕ್ಕೇ ಕೇಳ್ತಾ ಇರೋದು, ನೀವು ಆ ಕಬ್ಬಿಣದ ಸಲಾಕೆ ಹಿಡ್ಕೊಂಡು ಇಲ್ಲಿಗೆ ಯಾಕೆ ಬಂದ್ರಿ ಅಂತ. ನೀರಿನ ಆಫೀಸಿನವರು ಪೈಪ್ ಸೋರೋದನ್ನ ರಸ್ತೇಲಿ ಹುಡುಕಬೇಕು. ಇದು ಪಾರ್ಕು. ಇದು ಬಾವಿ.

ಸರಿ, ಸುಮ್ನಿರ್ತೀನಿ. ತುಟಿ ಮೇಲೆ ಬೆರಳಿಟ್ಟು ತೋರಿಸಬೇಡಿ, ನಾನೇನು ಎರಡನೇ ಕ್ಲಾಸಲ್ಲಿಲ್ಲ. ಸಲಾಕೆಯ ಒಂದು ತುದಿ ನೆಲಕ್ಕೆ, ಇನ್ನೊಂದು ಕಿವಿಗೆ. ಒಳಗೆ ಪೈಪ್ ಸೋರ್ತಾ ಇದ್ರೆ ಸುಯ್ ಅನ್ನುತ್ತೆ. ನಲ್ಲಿಗೆ ನೀರು ಬಿಟ್ಟಿರೋ ಹೊತ್ತಲ್ಲಿ ಮಾತ್ರ ಕೇಳಿಸೋದು, ಅಂದ್ರೆ ಎಂಟೂವರೆ ತನಕ. ನೋಡಿ, ನಿಮ್ಮ ಕೆಲಸ ನನಗೂ ಗೊತ್ತು. ಅಡ್ಡಿ ಮಾಡಲ್ಲ. ಒಂದು ಮಾತೂ ಆಡಲ್ಲ.

ಏನಾದ್ರೂ ಕೇಳಿಸ್ತಾ?

ತಲೆ ಆಡಿಸಿದ್ದು ಇಲ್ಲ ಅಂತಲೋ, ಬಾಯಿ ಮುಚ್ಚು ಅಂತಲೋ?

ಒಂದೇ ಒಂದು ವಿಷಯ, ಆಮೇಲೆ ನಿಜವಾಗಲೂ ಸುಮ್ನಿರ್ತೀನಿ. ಇವತ್ತು ಹನ್ನೊಂದಕ್ಕೆ ಈ ಬಾವಿ ನೋಡೋಕೆ ಇಬ್ಬರು ಬರ್ತಾ ಇದ್ದಾರೆ. ಒಬ್ಬರು ಬೆಂಗಳೂರಿಂದ, ಒಬ್ಬರು ದೆಹಲಿಯಿಂದ. ಪಿಎಚ್‌ಡಿಗೆ ಫೆಲೋಶಿಪ್ ಕೊಡೋ ಕಮಿಟಿ. ನೂರಾ ನಲವತ್ತು ಅರ್ಜಿ ಬಂದಿದ್ವಂತೆ, ಮೂರು ಉಳಿದಿವೆ, ಅದರಲ್ಲಿ ನಂದೊಂದು. ಅವರು ಬರಬೇಕು, ಬಾವಿಗೆ ಇಣುಕಬೇಕು, ನೀರು ನೋಡಿ ಒಂದು ಫೋಟೊ ತೆಗೆದು ಹೋಗಬೇಕು. ಅಷ್ಟೇ. ನೀವೀಗ ಇಲ್ಲಿ ಸುಣ್ಣದ ಗುರುತು ಹಾಕಿದ್ರೆ ಹತ್ತಕ್ಕೆ ಗುದ್ದಲಿಯವರು ಬರ್ತಾರೆ. ಹನ್ನೊಂದಕ್ಕೆ ಕಮಿಟಿ ಬಂದಾಗ ಬಾವಿ ಪಕ್ಕದಲ್ಲೇ ಒಡೆದ ಪೈಪು ಬಾಯಿ ಬಿಟ್ಕೊಂಡು ಮಲಗಿರುತ್ತೆ. ಸೋಮವಾರ ಬನ್ನಿ ಅಣ್ಣ. ಇಡೀ ಬೋಗಾದಿಯನ್ನೇ ಅಗೀರಿ, ನಾನೇ ಬುಟ್ಟಿ ಹಿಡೀತೀನಿ. ಈಗ ನಮ್ಮ ರೂಮಿಗೆ ಬನ್ನಿ, ಇಡ್ಲಿ ಕೊಡ್ತೀನಿ.

ಲಂಚ ಅಲ್ಲ ಕಣಣ್ಣ. ಇಡ್ಲಿ.

ಯಾಕೆ ನಗ್ತೀರ? ನಾನು ಯಾರು ಅಂತ ಗೊತ್ತಿಲ್ಲ, ಅದಕ್ಕೆ ನಗ್ತೀರ. ಶಿಲ್ಪಶ್ರೀ ಅಂತ. ನಮ್ಮಪ್ಪ ಚನ್ನಬಸವಯ್ಯ, ಮಂಡಿ ಮೊಹಲ್ಲಾದಲ್ಲಿ ಗೋಣಿಚೀಲದ ಹೋಲ್‌ಸೇಲ್ ಅಂಗಡಿ. ನಾನು ಓದಿದ್ದು ನೈಸರ್ಗಿಕ ಸಂಪನ್ಮೂಲ ಸಂರಕ್ಷಣೆ. ಅದೇನು ಅಂತ ಅಪ್ಪನಿಗೂ ಗೊತ್ತಿಲ್ಲ, ಗಿರಾಕಿಗಳ ಹತ್ರ ಫಾರೆಸ್ಟ್ ಅಂತಾರೆ. ಬಿಎಸ್ಸಿಯಲ್ಲಿ ಮೂರು ವರ್ಷ ಪರಿಸರ ದಿನಕ್ಕೆ ಮೂರು ಗಿಡ ನೆಟ್ಟೆ. ಒಂದೇ ಗುಂಡಿಯಲ್ಲಿ. ಪ್ರತಿ ವರ್ಷ ಹಿಂದಿನ ವರ್ಷದ ಒಣಕಡ್ಡಿ ಕಿತ್ತು ಹೊಸದು ನೆಡೋದು. ಗುಂಡಿ ಚೆನ್ನಾಗಿತ್ತು, ಫೋಟೊಗೆ ಬೆಳಕು ಸರಿಯಾಗಿ ಬೀಳ್ತಿತ್ತು. ಎಂಎಸ್ಸಿಯಲ್ಲಿ ಕಾಡಿಗೆ ಕರ್ಕೊಂಡು ಹೋದ್ರು. ನಲವತ್ತು ಜನ, ಒಂದು ಬಸ್ಸು. ಆನೆ ಲದ್ದಿ ನೋಡಿ ವಾಪಸ್ ಬಂದ್ವಿ. ಅದರ ಮೇಲೆ ಹದಿನಾಲ್ಕು ಪುಟ ಬರೆದೆ, ಫಸ್ಟ್ ಕ್ಲಾಸ್ ಬಂತು.

ಆಮೇಲೆ ಕೆಲಸ. ಒಂದು ಸಂಸ್ಥೆ, ಹೆಸರು ಬೇಡ. ಹಳ್ಳಿ ಹೆಂಗಸರಿಗೆ ನೀರಿನ ಮಿತಬಳಕೆ ಕಲಿಸೋದು. ಎರಡು ಮೈಲಿ ಕೊಡ ಹೊತ್ತು ಬಂದವರನ್ನ ಮರದ ಕೆಳಗೆ ಕೂರಿಸಿ, ನೀರು ಅಮೂಲ್ಯ ಅಂತ ಚಾರ್ಟ್ ತೋರಿಸ್ತಿದ್ದೆ. ಬೆಟ್ಟಮ್ಮ ಅಂತ ಒಬ್ಬರು ಪೂರ್ತಿ ಕೇಳಿ, ‘ನಿಮ್ಮನೇಲಿ ಸ್ನಾನಕ್ಕೆ ಮ್ಯಾಲಿಂದ ನೀರು ಬೀಳ್ತದಾ ಕೂಸೇ?’ ಅಂದ್ರು. ಬೀಳುತ್ತೆ ಅಂದೆ. ‘ಅಂಗಾರೆ ಆ ಚಾರ್ಟ್‌ನ ಅಲ್ಲೇ ಅಂಟ್ಸು’ ಅಂದ್ರು. ಒಂದೂವರೆ ವರ್ಷದಲ್ಲಿ ನಾನು ಕೇಳಿದ ಒಂದೇ ಒಳ್ಳೆ ಉಪನ್ಯಾಸ ಅದು.

ನೀವು ಬಗ್ಗೋಕೆ ಶುರು ಮಾಡಿದ್ರಿ ಮತ್ತೆ. ಅಲ್ಲಿ ಬೇಡ, ಅಲ್ಲಿ ಇರುವೆ ಗೂಡಿದೆ. ಆ ಬೇಲಿ ಕಡೆ ನೋಡಿದ್ರಾ?

ಈ ಬಾವಿ ಒಣಗಿ ಬಿದ್ದಿತ್ತು ಅಣ್ಣ. ಬೋಗಾದಿ ಇನ್ನೂ ಹಳ್ಳಿಯಾಗಿದ್ದಾಗ ಯಾರದೋ ಹೊಲದ ಬಾವಿ. ಲೇಔಟ್ ಬಂತು, ಹೊಲ ಪಾರ್ಕ್ ಆಯ್ತು, ಬಾವಿ ಕಸದ ಡಬ್ಬಿ ಆಯ್ತು. ನಾನು ಸಂಶೋಧನೆಗೆ ಅಂತ ಬಂದೆ. ಅಸೋಸಿಯೇಷನ್‌ನವರು ಕಸ ಎತ್ತಿಸಿದ್ರು, ನಾನು ಸುತ್ತ ಆರು ಇಂಗುಗುಂಡಿ ತೋಡಿಸಿದೆ. ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ಮಳೆನೀರು ಇಂಗಿ ಬಾವಿಗೆ ಬರಲಿ ಅಂತ. ಬಂತು. ಪೇಪರಲ್ಲಿ ಹಾಕಿದ್ರು. ಅಪ್ಪ ಆ ತುಂಡನ್ನ ಲ್ಯಾಮಿನೇಷನ್ ಮಾಡಿಸಿ, ಅಂಗಡೀಲಿ ಬಸವಣ್ಣನವರ ಫೋಟೊ ಪಕ್ಕ ತೂಗುಹಾಕಿದ್ದಾರೆ. ಚೀಲ ಕೊಳ್ಳೋಕೆ ಬಂದವರು ಮೊದಲು ಅದನ್ನ ಓದಬೇಕು. ಈ ಫೆಲೋಶಿಪ್ ತಪ್ಪಿದ್ರೆ ನಾನೂ ಅದೇ ಅಂಗಡೀಲಿ, ಅದೇ ಪೇಪರ್ ಕೆಳಗೆ, ಚೀಲ ಎಣಿಸ್ತಾ ಕೂರಬೇಕು. ಜೀವನ ಪೂರ್ತಿ.

ನನ್ನ ಗ್ರಾಫ್ ನೋಡ್ಬೇಕು ನೀವು. ದಿನಾ ಬೆಳಿಗ್ಗೆ ಬಾವಿ ಅಳೀತಿದ್ದೆ. ಒಂದು ದಿನ ಏರುತ್ತೆ, ಮಾರನೇ ದಿನ ಇಳಿಯುತ್ತೆ. ಮತ್ತೆ ಏರುತ್ತೆ, ಮತ್ತೆ ಇಳಿಯುತ್ತೆ. ನಮ್ಮ ಗೈಡ್ ಅದನ್ನ ನೋಡಿ ಕನ್ನಡಕ ತೆಗೆದು, ‘ಭೂಮಿಯ ಉಸಿರಾಟ’ ಅಂದ್ರು. ಅದೇ ಈಗ ಮೂರನೇ ಅಧ್ಯಾಯದ ಹೆಸರು.

ಯಾಕೆ ಹಾಗೆ ತಿರುಗಿ ನೋಡಿದ್ರಿ?

ದಿನ ಬಿಟ್ಟು ದಿನ ಅಂದಿದ್ದಕ್ಕಾ? ನಿಮ್ಮ ಆಫೀಸಿನವರು ಈ ಕಡೆಗೆ ನೀರು ಬಿಡೋದೂ ದಿನ ಬಿಟ್ಟು ದಿನ, ಗೊತ್ತು. ಬಿಡ್ತೀರಪ್ಪ. ಭೂಮಿಗೂ ಅದರದೇ ಟೈಮ್‌ಟೇಬಲ್ ಇರಬಾರದಾ?

ಸರಿ, ಅದು ಬಿಡಿ. ಕಂಪ್ಲೇಂಟ್ ಕೊಟ್ಟಿದ್ದು ಯಾರು? ಮೇಲಿನ ಕ್ರಾಸ್ ಶಿವನಂಜಮ್ಮನವರಾ?

ಹೇಳೋ ಹಾಗಿಲ್ಲ ಅಂತ ಗೊತ್ತು. ಆದರೆ ನಿಮ್ಮ ಮುಖ ಹೇಳ್ತು.

ಹೋದ ವರ್ಷ ಯುಗಾದಿಯಿಂದ ಅವರ ನಲ್ಲಿಗೆ ನೀರು ಏರ್ತಾ ಇಲ್ಲ. ಅರವತ್ತೆಂಟು ವರ್ಷ, ಎರಡೂ ಮಂಡಿ ನೋವು. ದಿನಾ ಇಲ್ಲಿಗೆ ಬಂದು ನಾಲ್ಕು ಕೊಡ ಸೇದ್ಕೊಂಡು ಆ ಏರು ಹತ್ತುತ್ತಾರೆ, ಒಂದೊಂದೇ ಕೊಡ. ನನ್ನ ರೂಮ್ ಅಗೋ ಅಲ್ಲಿ, ಹಸಿರು ಕಿಟಕಿ. ಹೋಗೋವಾಗ ಆ ಕಡೆ ತಿರುಗಿ, ‘ನಿನ್ ವಟ್ಟೆ ತಣ್ಣಗಿರ್ಲಿ ಕಣವ್ವ, ನೀನಿಲ್ದಿದ್ರೆ ನಾನ್ ಸತ್ತೋಗ್ಬುಡ್ತಿದ್ದೆ’ ಅಂತಾರೆ. ನಾಲ್ಕು ಸಲವೂ. ಹೋದ ತಿಂಗಳು ಬಾವಿಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ, ನನ್ನ ಹಣೆಗೂ ಹಚ್ಚಿದ್ರು. ಈಗ ಆ ಹೊತ್ತಿಗೆ ಕಿಟಕಿ ಮುಚ್ಚಿರ್ತೀನಿ.

ಸೊಳ್ಳೆ ಕಾಟ, ಅದಕ್ಕೆ.

ಬೆಳಿಗ್ಗೆ ಏಳಕ್ಕೂ ಸೊಳ್ಳೆ ಇರುತ್ತೆ ಅಣ್ಣ. ನೀವು ನಿಮ್ಮ ಸಲಾಕೆ ನೋಡ್ಕೊಳ್ಳಿ.

ನಿಂತ್ಬಿಟ್ರಲ್ಲ. ಅಲ್ಲೇನಿದೆ? ಬರೀ ಹುಲ್ಲು... ಸುಣ್ಣದುಂಡೆ ಯಾಕೆ ತೆಗೀತೀರ? ಬೇಡ. ಬೀರೇಶಣ್ಣ, ಬೇಡ. ಹನ್ನೊಂದು ಗಂಟೆ ತನಕ ಕಾಯೋಕೆ ಏನು?

ಹಾಕೇಬಿಟ್ರಿ. ಬಾವಿಗೆ ಮೂರೇ ಹೆಜ್ಜೆ.

ಇರಲಿ. ಪೈಪ್ ಸೋರ್ತಿರಬಹುದು. ಸೋರೋ ಪೈಪು ಅದರ ಪಾಡಿಗೆ ಸೋರುತ್ತೆ, ನನ್ನ ಗುಂಡಿ ಅದರ ಪಾಡಿಗೆ ಇಂಗಿಸುತ್ತೆ. ಎರಡೂ ಇರಬಹುದಲ್ಲ? ಬಾವೀಲಿ ಇರೋದು ಪೈಪಿನ ನೀರೇ ಅಂತ ಹೇಗೆ ಹೇಳ್ತೀರ?

ಬಕೆಟ್ ಯಾಕೆ ಇಳಿಸಿದ್ರಿ... ಓ, ಆ ಡಬ್ಬಿ. ಕ್ಲೋರಿನ್ ನೋಡೋ ಡಬ್ಬಿ. ನಲ್ಲಿ ನೀರಾದ್ರೆ ಕ್ಲೋರಿನ್ ಹಾಕಿರ್ತಾರೆ, ಬಣ್ಣ ತಿರುಗುತ್ತೆ. ನೆಲದಿಂದ ಬಂದ ನೀರಾದ್ರೆ ಹಾಗೇ ಇರುತ್ತೆ. ಪಾಪ, ಎರಡು ಹನಿ ಯಾಕೆ ದಂಡ ಮಾಡ್ತೀರ? ತಿಳಿ ಹಳದಿ ಆಗುತ್ತೆ, ಅಷ್ಟೇ. ನಿಂಬೆಹಣ್ಣಿನ ಸಿಪ್ಪೆಗಿಂತ ಸ್ವಲ್ಪ ಕಡಿಮೆ.

ಏನು?

ಹನಿ ಇನ್ನೂ ಹಾಕಿಲ್ಲ. ಹೌದು. ನೋಡ್ತಾ ಇದೀನಿ, ಹಾಕಿಲ್ಲ.

ಬ್ಲೀಚಿಂಗ್ ಪೌಡರ್ ಹಾಕಿಸ್ತಾರೆ ಬಾವಿಗೆ, ಅದಕ್ಕೆ ಹೇಳಿದೆ. ಅಸೋಸಿಯೇಷನ್ ಸೆಕ್ರೆಟರಿ ಶಿವಪ್ರಕಾಶ್ ಅಂತ, ಅವರೇ ಹಾಕಿಸೋದು. ಬೇಕಾದ್ರೆ ನಂಬರ್ ಕೊಡ್ತೀನಿ, ಕೇಳಿ... ಫೋನ್ ತೆಗೆದೇಬಿಟ್ರಾ? ಬೇಡ. ಅವರು ಪೂಜೆಗೆ ಕೂತಿರ್ತಾರೆ. ಅವರಿಗೆ ನೆನಪಿರಲ್ಲ. ಅವರು... ಫೋನ್ ಒಳಗಿಡಿ ಅಣ್ಣ.

ಹಾಕಿಸಿಲ್ಲ.

ಹ್ಞೂ, ಈಗ ಹನಿ ಹಾಕಿ. ಹಳದಿ. ನಿಂಬೆಹಣ್ಣಿನ ಸಿಪ್ಪೆಗಿಂತ ಕಡಿಮೆ. ನೋಡಿ, ನಾನು ಒಳ್ಳೆ ವಿದ್ಯಾರ್ಥಿನಿ.

ಯಾಕೆ ಕಟ್ಟೆ ಮೇಲೆ ಕೂತ್ಬಿಟ್ರಿ? ಏನಾದ್ರೂ ಅನ್ನಿ. ಗುದ್ದಲಿಯವರಿಗೆ ಫೋನ್ ಮಾಡಿ, ಇಲ್ಲಾ ನನ್ನ ಬೈಯಿರಿ. ಹೀಗೆ ಸುಮ್ಮನೆ ಕೂತು ನೋಡಬೇಡಿ. ಓದಿದವಳು ನಾನೂ ಮೋಸ ಹೋದೆ ಅಂದ್ಕೊಳ್ಳಿ. ಗೈಡ್ ಮೋಸ ಹೋಗಲಿಲ್ವಾ, ಪೇಪರಿನವರು ಹೋಗಲಿಲ್ವಾ? ನೀರು ನೋಡಿದೆ, ಖುಷಿಯಾಯ್ತು, ನಂಬಿದೆ. ತಪ್ಪಾ?

ನಂಬಿದ್ದೆ ಅಣ್ಣ.

ಹಾಗೆ ನೋಡಬೇಡಿ ಅಂದೆನಲ್ಲ.

ಅಗೋ, ಶಿವನಂಜಮ್ಮನವರು ಬಂದ್ರು. ಗೇಟಿನ ಹತ್ರ, ಸೊಂಟದ ಮೇಲೆ ಕೊಡ. ಅವರು ಇಳಿದು ಬರೋಕೆ ಇನ್ನೂ ಐದು ನಿಮಿಷ ಬೇಕು, ಪ್ರತಿ ಮೆಟ್ಟಿಲಿಗೂ ನಿಲ್ತಾರೆ. ನೀವು ಅವರಿಗೆ ಹೇಳ್ತೀರಾ? ಇಲ್ಲ. ನೀವು ಯಾರಿಗೂ ಏನೂ ಹೇಳೋ ಪೈಕಿ ಅಲ್ಲ. ಅದೇ ಕಷ್ಟ ನಿಮ್ಮ ಹತ್ರ.

ಹೋದ ವರ್ಷ ಏಪ್ರಿಲ್, ಯುಗಾದಿ ಕಳೆದು ಎರಡು ವಾರ. ಮಳೆ ಒಂದು ಹನಿ ಬಿದ್ದಿರಲಿಲ್ಲ. ಕೆಲಸ ಶುರು ಮಾಡೋ ಮುಂಚೆ ಬಾವಿಯನ್ನ ಒಂದು ಸಲ ಅಳೀಬೇಕು, ಅದು ನಮ್ಮಲ್ಲಿ ನಿಯಮ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿದೆ. ಮೇಲೆ ಎಳೆದೆ. ಪುಸ್ತಕದಲ್ಲಿ ಮೊದಲನೇ ಸಾಲಲ್ಲಿ ‘ಒಣ’ ಅಂತ ಬರೆದೆ.

ಹಗ್ಗ ಏಳಡಿ ಒದ್ದೆಯಾಗಿತ್ತು. ಅವತ್ತಿಗೆ ನಾನು ಇನ್ನೂ ಒಂದು ಗುಂಡಿಯನ್ನೂ ತೋಡಿಸಿರಲಿಲ್ಲ.