ಗಾಯವಿಲ್ಲದವನಿಗೆ ಹೊಲಿಗೆ

ಹೂಂಗುಟ್ಟುವವರಿದ್ದರೆ ಕಥೆ ನಡೆಯುತ್ತದೆ. ಇಲ್ಲದಿದ್ದರೆ ಇಲ್ಲೇ ಕೂತು ತೂಕಡಿಸುತ್ತದೆ. ಹೂಂ ಅನ್ನಿರಮ್ಮ!

ಹೆಸರಿಲ್ಲದೊಂದು ಸೀಮೆಯಲ್ಲಿ ತಿಪ್ಪವ್ವನೆಂಬ ಹೆಂಗಸು. ಅವಳ ಮೈಯೊಳಗೊಂದು ಊರು. ಕಣ್ಣಿಗೆ ಕಾಣದ ಜೀವಕಣಗಳೇ ಅಲ್ಲಿನ ಜನ. ತಿಪ್ಪವ್ವ ಬೆರಳು ಕೊಯ್ದುಕೊಂಡರೆ ನಾರು ಹೆಣೆದು ಗಾಯ ಮುಚ್ಚುವವಳು ನಾರವ್ವ. ಅವಳದೊಂದು ವ್ರತ: ‘ಗಾಯ’ ಎಂದು ಕೂಗಿದವರ ಮನೆಗೆ ಓಡಬೇಕು, ಏನನ್ನೂ ಕೇಳಬಾರದು. ಎಂಥ ಗುಣವಂತೆ! ಕೇಳಿದರೆ ಪುಣ್ಯ ಕರಗುತ್ತದಲ್ಲವೇ?

ಎದೆಯ ಓಣಿಯಲ್ಲಿ ಗಂಟಯ್ಯನಿದ್ದ. ಉಳಿದವರೆಲ್ಲ ದುಡಿದು, ಕಾಲ ಬಂದಾಗ ಸಾಯುವರು. ಇವನು ದುಡಿಯಲೂ ಒಲ್ಲ, ಸಾಯಲೂ ಒಲ್ಲ. ಬೆಳೆಯುವುದೊಂದೇ ಕಸುಬು.

ಒಂದು ದಿನ ಕೂಗಿದ: “ನಾರವ್ವಾ, ಗಾಯ!” ಓಡಿದಳು. ಅವನ ಸುತ್ತ ನಾರಿನ ಬೇಲಿ ಹೆಣೆದಳು.

ಮರುದಿನ ಕೂಗಿದ: “ನಾರವ್ವಾ, ಗಾಯ! ಗಂಟಲೊಣಗಿದೆ ತಾಯಿ.” ಓಡಿದಳು. ನೆತ್ತರಿನ ಕಾಲುವೆಯನ್ನೇ ಅವನ ಬಾಗಿಲಿಗೆ ತಿರುಗಿಸಿದಳು.

ಮೂರನೆಯ ದಿನ ಕಾವಲುಗಾರ ಬೆಳ್ಳಣ್ಣ ಬಡಿಗೆ ಹಿಡಿದು ಬಂದ. ಗಂಟಯ್ಯ ಕೂಗಿದ: “ನಾರವ್ವಾ, ಗಾಯ! ಗಾಯದವನನ್ನು ಹೊಡೆಯಲು ಬಂದಿದ್ದಾನೆ!” ಓಡಿದಳು. ಅಡ್ಡ ನಿಂತಳು.

“ಆಚೆ ಸರಿಯವ್ವಾ. ಇವನು ಓಣಿಯನ್ನೇ ನುಂಗಿದ್ದಾನೆ.”

“ಪಾಪ, ಬಾತುಕೊಂಡಿದ್ದಾನೆ ಕಣೋ! ಮುಟ್ಟಿದರೆ ನನ್ನಾಣೆ!”

ಬಾತುಕೊಂಡಿದ್ದನಂತೆ! ಇತ್ತ ತಿಪ್ಪವ್ವನಿಗೆ ತುತ್ತು ಇಳಿಯದು, ತೋಳು ಏಳದು. ನಾಟಿ ವೈದ್ಯೆ ಕೊಟ್ಟ ಕಹಿಮದ್ದು ಬೇಲಿಯವರೆಗೆ ಹೋಗಿ ಮರಳಿತು. “ಇನ್ನೊಂದು ವಾರ ಉಳಿದರೆ ಹೆಚ್ಚು,” ಎಂದು ವೈದ್ಯೆ ಮುಖ ತಿರುಗಿಸಿದಳು. ನಾರವ್ವನ ಕೈಗುಣವೆಂದರೆ ಸಾಮಾನ್ಯವೇ? ಸಾವಿಗೂ ಭದ್ರವಾದ ಮನೆ ಕಟ್ಟಿಕೊಟ್ಟಿದ್ದಳು!

ಆಮೇಲೇನಾಯಿತು, ಕೇಳಿ. ಈಳಿಗೆಯ ಮುಂದೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದ ತಿಪ್ಪವ್ವನ ನಿತ್ರಾಣದ ಕೈ ಜಾರಿತು. ಬೆರಳ ಓಣಿಯಿಂದ ಕೂಗೆದ್ದಿತು: “ನಾರವ್ವಾ, ಗಾಯ!”

ನಾರವ್ವ ಬುಟ್ಟಿಗೆ ಕೈಹಾಕಿದಳು. ಒಂದೆಳೆ ನಾರಿಲ್ಲ! ಎಲ್ಲವೂ ಬೇಲಿಗೆ ಹೋಗಿತ್ತು. ಗಂಟಯ್ಯನಲ್ಲಿಗೆ ಓಡಿದಳು.

“ನಿನ್ನ ಗಾಯ ಇಷ್ಟರಲ್ಲಿ ಮಾಗಿರಬೇಕಲ್ಲಪ್ಪಾ, ತೋರಿಸು. ಹೆಚ್ಚಾದ ನಾರನ್ನು ಬಿಚ್ಚಿಕೊಳ್ಳುತ್ತೇನೆ.”

ಉಂಡು ಮಲಗಿದ್ದ ಗಂಟಯ್ಯ ಆಕಳಿಸಿದ. “ಗಾಯವೇ? ಯಾವ ಗಾಯ?”

ಸುಳ್ಳು ಹೇಳಿದವನಿಗೇ ಸುಳ್ಳು ಮರೆತಿತ್ತು!

ನಾರವ್ವ ಬೇಲಿಯ ಒಂದೆಳೆ ಹಿಡಿದು ಬೆರಳವರೆಗೆ ಎಳೆದೊಯ್ದು ಹೊಲಿಯತೊಡಗಿದಳು. ಬೆರಳಿನ ಗಾಯ ಮುಚ್ಚುತ್ತ ಬಂತು, ಗಂಟಯ್ಯನ ಬೇಲಿ ಬಿಚ್ಚುತ್ತ ಹೋಯಿತು. ಆ ಕಂಡಿಯಲ್ಲಿ ಮೊದಲು ಕಹಿಮದ್ದು ನುಗ್ಗಿತು, ಹಿಂದೆಯೇ ಬೆಳ್ಳಣ್ಣ.

“ನಾರವ್ವಾ, ಗಾಯ! ಈಗ ನಿಜವಾಗಿಯೂ ಗಾಯ!” ಎಂದು ಗಂಟಯ್ಯ ಕಿರುಚಿದ.

“ಇರಪ್ಪಾ, ಕೈಯಲ್ಲಿ ಕೆಲಸವಿದೆ,” ಎಂದಳು ನಾರವ್ವ.

ತಿಪ್ಪವ್ವ ಉಳಿದಳು. ನಾರವ್ವ ಈಗಲೂ ಕೂಗಿದಲ್ಲಿಗೆ ಓಡುತ್ತಾಳೆ. ಆದರೆ ಹೊಸ್ತಿಲಲ್ಲಿ ನಿಂತು, “ಮೊದಲು ಗಾಯ ತೋರಿಸು,” ಎನ್ನುತ್ತಾಳೆ. ಪುಣ್ಯವೇನೋ ಕರಗಿತಂತೆ, ಪಾಪ.

ಹೂಂ ಅಂದವರ ಮೈ ತಣ್ಣಗಿರಲಿ. ಹೇಳಿದವಳ ಗಂಟಲಿಗೆ ಒಂದು ಲೋಟ ನೀರು ಬರಲಿ.